ತಂಬೂರಿ ಗಾಯಕರ ಜೀವನಚಿತ್ರ: ಕೆಲಸ ಎಲ್ಲಿಗೆ ಬಂತು

ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರ ಪರಂಪರೆಯ ತಂಬೂರಿ ಗಾಯಕರೊಬ್ಬರ ಬದುಕನ್ನು ಕುರಿತ ಚಿತ್ರ ಇದು. ಚಿತ್ರಕಥೆಯ ಕೊನೆಯ ಕರಡು ಆಗಿದೆ, ಹಳೆಯ ಕ್ಯಾಸೆಟ್‌ಗಳೆಲ್ಲ ಕಂಪ್ಯೂಟರಿಗೆ ಇಳಿದಿವೆ, ಧ್ವನಿ ಪರೀಕ್ಷೆ ನಡೆಯುತ್ತಿದೆ. ಚಿತ್ರೀಕರಣ ಸುಗ್ಗಿ ಮುಗಿದ ಮೇಲೆ. ಚಿಕ್ಕಲ್ಲೂರು ಜಾತ್ರೆಯ ಭಾಗ ಮಾತ್ರ ಅದಕ್ಕೂ ಮುಂಚೆ.

ಈ ಚಿತ್ರ ಗೆಲ್ಲುವುದೂ ಸೋಲುವುದೂ ಒಂದೇ ವಿಷಯದಲ್ಲಿ: ಹಾಡಿಗೆ ಎಷ್ಟು ಹೊತ್ತು ಕೊಡುತ್ತೇವೆ ಎನ್ನುವುದರಲ್ಲಿ. ಮಂಟೇಸ್ವಾಮಿ ಕಾವ್ಯದ ಒಂದು ಸಾಲು, ಅಂದರೆ ಒಂದು ಕಥಾಭಾಗ, ಎತ್ತಿಕೊಂಡರೆ ಬೆಳಗಿನ ಜಾವದವರೆಗೂ ಹಾಡುವವರಿದ್ದಾರೆ. ಸಿನಿಮಾದವರು ಸಾಮಾನ್ಯವಾಗಿ ಎರಡು ನುಡಿ ಹಾಡಿಸಿ, ಅದರ ಮೇಲೆ ಬಸ್ಸು, ಜಾತ್ರೆ, ಚಪ್ಪಾಳೆಗಳ ದೃಶ್ಯ ಹೊದಿಸಿಬಿಡುತ್ತಾರೆ. ಹಾಗೆ ಮಾಡಿದ ಕೂಡಲೇ ಹಿಮ್ಮೇಳ ಸತ್ತಂತೆ. ಮುಖ್ಯ ಗಾಯಕರು ಮಾತಿನಲ್ಲಿ ಕಥೆ ಎಳೆಯುತ್ತಾ ಹೋಗಿ, ಒಂದು ಘಟ್ಟದಲ್ಲಿ ಮಾತು ತಾನಾಗಿ ರಾಗಕ್ಕೆ ಏರುತ್ತದೆ. ಆಗ ಹಿಮ್ಮೇಳ ಸೊಲ್ಲು (ಪಲ್ಲವಿ) ಹಿಡಿಯುತ್ತದೆ. ಆ ಏರಿಕೆ ನೋಡುವವರಿಗೆ ದಕ್ಕಬೇಕಾದರೆ ಏಳೆಂಟು ನಿಮಿಷವಾದರೂ ಬೇಕೇ ಬೇಕು. ಹಾಗಾಗಿ ಮೂರು ಹಾಡಿನ ದೃಶ್ಯಗಳು 8ರಿಂದ 11 ನಿಮಿಷದವು, ಮೂರೂ ಸ್ಥಳದಲ್ಲೇ ಹಾಡಿ ಸ್ಥಳದಲ್ಲೇ ಧ್ವನಿಮುದ್ರಣ. ಈ ಮೂರಕ್ಕೂ ಆರಿಸಿಕೊಂಡದ್ದು ಕೆಂಪಾಚಾರಿ ಸಾಲು ಮತ್ತು ಹಲಗೂರಿನ ಪಾಂಚಾಳರ ಪ್ರಸಂಗ.

ಕ್ಯಾಸೆಟ್‌ಗಳು

ಗಾಯಕರ ನಡುವಯಸ್ಸಿನ ದನಿ ಉಳಿದಿರುವುದು ಕ್ಯಾಸೆಟ್‌ಗಳಲ್ಲಿ ಮಾತ್ರ. ಹೆಚ್ಚಿನವು 60 ನಿಮಿಷದವು, ಪಕ್ಕಕ್ಕೆ 30 ನಿಮಿಷ. ಟೇಪು ಚೆನ್ನಾಗಿದ್ದರೂ ಒಳಗಿನ ಪುಟ್ಟ ಫೆಲ್ಟ್ ಪ್ಯಾಡ್ ಅಂಟು ಒಣಗಿ ಬಿದ್ದುಹೋಗಿರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದೇ ಆ ಪ್ಯಾಡ್. ಅದಿಲ್ಲದಿದ್ದರೆ ತಾಳ, ಗಗ್ಗರಗಳ (ಕೈಯಲ್ಲಿ ಆಡಿಸುವ ಲೋಹದ ಗಿಲಕಿ) ಮೇಲಿನ ನಾದವೆಲ್ಲ ಮಂಕಾಗುತ್ತದೆ. ಐದು ಸ್ಕ್ರೂ ಇರುವ ಹೊಸ ಚಿಪ್ಪಿಗೆ ಎರಡೂ ಸುರುಳಿ ವರ್ಗಾಯಿಸಿದರೆ ಸರಿಹೋಗುತ್ತದೆ. ಸ್ಕ್ರೂ ಇಲ್ಲದೆ ಬೆಸೆದ ಚಿಪ್ಪಾದರೆ ಅಂಚಿನಲ್ಲಿ ಬ್ಲೇಡ್ ಹಾಕಿ ನಿಧಾನವಾಗಿ ಬಿಡಿಸಬೇಕು, ತಿರುಚಿ ಒಡೆಯಬಾರದು. ಪ್ರತಿ ಕ್ಯಾಸೆಟ್‌ಗೂ ಹೆಡ್ಡಿನ ಓರೆ ಬೇರೆ. ಮೋನೋದಲ್ಲಿ ಕೇಳುತ್ತಾ, ತಾಳದ ದನಿ ಅತಿ ಚೂಪಾಗುವವರೆಗೆ ಅಜಿಮತ್ ಸ್ಕ್ರೂ ತಿರುಗಿಸಬೇಕು. ಕಂಪ್ಯೂಟರಿಗೆ ಇಳಿಸುವಾಗ ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಬಂದ್, 96 ಕಿಲೋಹರ್ಟ್ಸ್, 24 ಬಿಟ್. ಶಬ್ದ ಶುದ್ಧೀಕರಣ ಏನಿದ್ದರೂ ಪ್ರತಿಯ ಮೇಲೆ, ಮೂಲ ಕಡತದ ಮೇಲಲ್ಲ.

ತಲೆನೋವಿನ ವಿಷಯ ವೇಗ. ಅಂದಿನ ರೆಕಾರ್ಡರ್ ಸ್ವಲ್ಪ ನಿಧಾನವಾಗಿ ಓಡಿದ್ದರೆ ಇಂದು ದನಿ ಎತ್ತರಿಸಿ ಕೇಳುತ್ತದೆ. ಶೇ 3ರ ವ್ಯತ್ಯಾಸವೆಂದರೆ ಅರ್ಧ ಸ್ವರಸ್ಥಾನ ಮೇಲೆ ಹೋದಂತೆ, ಐವತ್ತರ ಗಂಟಲು ಮೂವತ್ತರದ್ದಾಗುತ್ತದೆ. ಟೇಪಿನಲ್ಲಿ ಸೇರಿಕೊಂಡ ಕರೆಂಟಿನ ಗುಂಯ್‌ಗುಡುವಿಕೆಯನ್ನು 50 ಹರ್ಟ್ಸ್‌ಗೆ ಹೊಂದಿಸಿ ವೇಗ ಸರಿಪಡಿಸುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಇಲ್ಲಿ ಪೂರ್ತಿ ನಂಬುವಂತಿಲ್ಲ: 1980ರ ದಶಕದಲ್ಲಿ ನಮ್ಮ ಗ್ರಿಡ್ 50ಕ್ಕಿಂತ ಕೆಳಗೆ ಓಡುವುದು ಮಾಮೂಲಾಗಿತ್ತು, ಬ್ಯಾಟರಿಯಲ್ಲಿ ಮುದ್ರಿಸಿದ ಟೇಪಿನಲ್ಲಂತೂ ಆ ಸದ್ದೇ ಇರುವುದಿಲ್ಲ. ತಂಬೂರಿಯ ಶ್ರುತಿಯೂ ಕೈಕೊಡುತ್ತದೆ, ಅದು ದಿನಕ್ಕೊಂದು ಎತ್ತರ.

ನೆಚ್ಚಬಹುದಾದದ್ದು ಕಂಚಿನ ತಾಳ. ಎರಕದ ಕಂಚಿನ ನಾದ ವರ್ಷಗಳು ಕಳೆದರೂ ಬದಲಾಗುವುದಿಲ್ಲ ಎನ್ನುವಷ್ಟು ಕಡಿಮೆ ಬದಲಾಗುತ್ತದೆ. ಅಂದು ಬಾರಿಸಿದ ಜೋಡಿ ತಾಳ ಮನೆಯಲ್ಲೇ ಇದ್ದರೆ ಅದನ್ನು ದಾರದಲ್ಲಿ ತೂಗುಬಿಟ್ಟು ಬಾರಿಸಿ ಮುದ್ರಿಸಿಕೊಂಡು, ಸ್ಪೆಕ್ಟ್ರಮ್‌ನಲ್ಲಿ ಎದ್ದು ಕಾಣುವ ಎರಡು ಮೂರು ಗೆರೆಗಳನ್ನು ಟೇಪಿನ ಗೆರೆಗಳ ಪಕ್ಕ ಇಟ್ಟು ನೋಡಬೇಕು. ಉದಾಹರಣೆಗೆ ತಾಳ 2840 ಹರ್ಟ್ಸ್ ಕೊಟ್ಟು, ಟೇಪಿನಲ್ಲಿ ಅದೇ ಗೆರೆ 2925ರಲ್ಲಿದ್ದರೆ ಟೇಪು ಶೇ 3 ಜೋರಾಗಿ ಓಡುತ್ತಿದೆ ಎಂದರ್ಥ. ಒಂದೇ ಗೆರೆ ನೋಡಿ ತೀರ್ಮಾನಿಸಬಾರದು. ಎಲ್ಲ ಗೆರೆಗಳೂ ಅದೇ ಅನುಪಾತದಲ್ಲಿ ಸರಿದಿದ್ದರೆ ಮಾತ್ರ ಲೆಕ್ಕ ಹಿಡಿಯಬೇಕು. ಅಂಚು ಸೀಳಿದ ತಾಳ ಈ ಕೆಲಸಕ್ಕೆ ಬಾರದು. ಕ್ಯಾಸೆಟ್ಟಿನ ಒಂದು ಪಕ್ಕದ ಆರಂಭ, ನಡು, ಕೊನೆ ಮೂರು ಕಡೆ ಅಳೆದರೆ ಬ್ಯಾಟರಿ ಇಳಿದು ವೇಗ ಜಾರಿದ್ದೂ ಗೊತ್ತಾಗುತ್ತದೆ. ಪಾತ್ರಧಾರಿ ಅಭ್ಯಾಸ ಮಾಡುತ್ತಿರುವುದು ಹೀಗೆ ವೇಗ ಸರಿಪಡಿಸಿದ ಪ್ರತಿಯಿಂದ.

ಹಾಡು, ಕೈ, ಮೈಕು

ವೃದ್ಧಾಪ್ಯದ ಪಾತ್ರಕ್ಕೆ ಇಂದಿಗೂ ಹಾಡಿಕೆ ಮಾಡುತ್ತಿರುವ ನೀಲಗಾರರು, ಯೌವನದ ಪಾತ್ರಕ್ಕೆ ರಂಗಭೂಮಿಯ ನಟ. ನಟನಿಗೆ ಕಷ್ಟವಾಗುವುದು ರಾಗವಲ್ಲ. ಒಂದು ಕೈ ತಂಬೂರಿ ಮೀಟಬೇಕು, ಇನ್ನೊಂದು ಗಗ್ಗರ ಆಡಿಸಬೇಕು, ಬಾಯಿ ಲಯ ಬಿಟ್ಟು ಮಾತಾಡಬೇಕು. ಮಾತು ಬಂದ ಕೂಡಲೇ ಹೊಸಬರ ಗಗ್ಗರ ನಿಂತುಬಿಡುತ್ತದೆ, ಇಲ್ಲವೇ ಮಾತಿನ ಒತ್ತಕ್ಕೆ ತಕ್ಕಂತೆ ಅಲುಗುತ್ತದೆ. ಮೊದಲು ಗಗ್ಗರ ಹಿಡಿದು ಬರೀ ನಡೆಯುವುದು, ಆಮೇಲೆ ಗಗ್ಗರದ ಜೊತೆ ಯಾವುದಾದರೂ ಪತ್ರಿಕೆ ಗಟ್ಟಿಯಾಗಿ ಓದುವುದು, ತಂಬೂರಿ ಸೇರಿಸುವುದು, ಕಥೆ ಕಟ್ಟಕಡೆಗೆ. ಈ ಕ್ರಮದಲ್ಲಿ ಕೈ ಬೇಗ ಸ್ವತಂತ್ರವಾಗುತ್ತದೆ.

ಬಟ್ಟೆಗೆ ಸಿಕ್ಕಿಸುವ ಪುಟ್ಟ ಲೇಪಲ್ ಮೈಕನ್ನು ತಂಬೂರಿ ಒರಗಿದ ಭುಜದ ಕಡೆ ಕಟ್ಟಿದರೆ ತಂತಿಯ ಝೇಂಕಾರ ಮಾತನ್ನು ನುಂಗುತ್ತದೆ. ರುಮಾಲಿನ ಮಡಿಕೆಯಲ್ಲಿ, ಹಣೆಯ ಮೇಲ್ಭಾಗದಲ್ಲಿ ಅಡಗಿಸಿದರೆ ಬಾಯಿಯಿಂದ ದೂರ ಬದಲಾಗದೆ ಉಳಿಯುತ್ತದೆ. ಮುಖ್ಯ ಧ್ವನಿ ಬೂಮಿನದೇ (ಕೋಲಿನ ತುದಿಗೆ ಕಟ್ಟಿದ ಮೈಕು): ಬಾಯಿಗೆ ಸುಮಾರು 60 ಸೆಂಟಿಮೀಟರ್ ಮೇಲೆ, ಎದೆಯ ಕಡೆಗೆ ಮುಖಮಾಡಿ. ಗಗ್ಗರದ ಶಬ್ದ ಚುಚ್ಚುವಂಥದ್ದು. ಮೀಟರಿನಲ್ಲಿ ಕಡಿಮೆ ತೋರಿಸಿದರೂ ಅದರ ತುದಿಗಳು ಒಡೆದಿರುತ್ತವೆ. ಜೋರು ಸದ್ದಿಗೂ ಒಡೆಯದ 32 ಬಿಟ್ ಫ್ಲೋಟ್ ರೆಕಾರ್ಡರ್ ಇಲ್ಲದವರು ಸರಾಸರಿ ಮಟ್ಟವನ್ನು -20 ಡೆಸಿಬೆಲ್‌ನ ಆಸುಪಾಸಿನಲ್ಲೇ ಇಟ್ಟುಕೊಳ್ಳಿ.

ಹಿಮ್ಮೇಳದವರು ಬಾರಿಸುವ ದಮ್ಮಡಿಯ ಚರ್ಮ ಇಬ್ಬನಿಗೆ ಸಡಿಲವಾಗಿ ದನಿ ಕೆಳಗಿಳಿಯುತ್ತದೆ, ಬೆಂಕಿಗೆ ಕಾಯಿಸಿದರೆ ಏರುತ್ತದೆ. ಒಂದು ಟೇಕಿನ ದಮ್ಮಡಿ ಇನ್ನೊಂದರ ಜೊತೆ ಕೂಡದಿರುವುದು ಇದರಿಂದಲೇ. ಪ್ರತಿ ಟೇಕಿಗೆ ಮೊದಲು ಕಾಯಿಸಿ, ಫೋನಿನ ಟ್ಯೂನರಿನಲ್ಲಿ ನೋಡಿ, ಅದೇ ಎತ್ತರಕ್ಕೆ ತಂದ ಮೇಲೆಯೇ ಆರಂಭ. ಒಂದು ಟೇಕಿನಿಂದ ಇನ್ನೊಂದಕ್ಕೆ ಹಾರಲೇಬೇಕಾದರೆ ಹಿಮ್ಮೇಳ ಸೊಲ್ಲು ಹಿಡಿಯುವ ಜಾಗದಲ್ಲಿ ಹಾರಬೇಕು. ನಡುವೆ ಎಲ್ಲಿ ಕತ್ತರಿಸಿದರೂ ಗಗ್ಗರದ ಕೈ ಒಂದು ಕಡೆ, ಸದ್ದು ಒಂದು ಕಡೆ ಆಗುತ್ತದೆ.

ಗ್ಯಾಸ್‌ಲೈಟ್ ಬೆಳಕು ಚೆಂದ, ಆದರೆ ಅದರ ಬುಸುಗುಟ್ಟುವಿಕೆ ಸರಿಯಾಗಿ ಮಾತಿನ ವ್ಯಂಜನಗಳಿರುವ ಜಾಗದಲ್ಲೇ ಕೂರುತ್ತದೆ. ಹಳೆಯ ಗ್ಯಾಸ್‌ಲೈಟಿನ ಒಳಗೆ ಬ್ಯಾಟರಿಯ ಎಲ್‌ಇಡಿ ಕೂರಿಸಿದ್ದಾಗಿದೆ. ಕ್ಯಾಮೆರಾ 24 ಫ್ರೇಮ್, ಶಟರ್ 172.8 ಡಿಗ್ರಿ, ಅಂದರೆ ಸೆಕೆಂಡಿನ 1/50 ಭಾಗ; ಊರಿನ ಬೀದಿದೀಪ ಹಿನ್ನೆಲೆಗೆ ಬಂದರೂ ಮಿನುಗು ಕಾಣದು. ಮೂರು ಕ್ಯಾಮೆರಾ, 4ಕೆ ಪ್ರೋರೆಸ್ 422 ಎಂಬ ವಿಡಿಯೊ ಮಾದರಿಯಲ್ಲಿ ನಿಮಿಷಕ್ಕೆ ಸುಮಾರು 3.5 ಜಿಬಿ. 11 ನಿಮಿಷದ ಒಂದು ಟೇಕಿಗೆ ಮೂರೂ ಸೇರಿ 116 ಜಿಬಿ ಆಗುತ್ತದೆ, ಎರಡು ಪ್ರತಿ ಎಂದರೆ ಅದರ ದುಪ್ಪಟ್ಟು. ಬಜೆಟ್ ಬರೆಯುವಾಗ ಡಿಸ್ಕಿನ ಈ ಲೆಕ್ಕ ಮರೆತರೆ ರಾತ್ರಿ ಚಿತ್ರೀಕರಣ ಅರ್ಧದಲ್ಲೇ ನಿಲ್ಲುತ್ತದೆ.

ಕಾಲದ ವಿವರ

ಬಾಲ್ಯದ ದೃಶ್ಯಗಳಲ್ಲಿ ಎಚ್ಚರ ಬೇಕಾದದ್ದು ಗಡಿಯ ವಿಷಯದಲ್ಲಿ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮಳವಳ್ಳಿ ಮೈಸೂರು ರಾಜ್ಯದಲ್ಲಿತ್ತು. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಿಂದ ಮಳವಳ್ಳಿ ಕಡೆಯ ಬೊಪ್ಪೇಗೌಡನಪುರಕ್ಕೆ ಜೋಳಿಗೆ ಹೊತ್ತು ಹೋದವರು ರಾಜ್ಯದ ಗಡಿಯನ್ನೇ ದಾಟುತ್ತಿದ್ದರು. ಹಾಗಾಗಿ ಕೊಳ್ಳೇಗಾಲದ ಶಾಲೆಯ ಫಲಕ, ಪೊಲೀಸರ ಉಡುಪು, ಕಂದಾಯದ ಕಾಗದ ಯಾವುದೂ ಮೈಸೂರಿನದ್ದಾಗಿರಬಾರದು. ಚಿಲ್ಲರೆ ಕಾಸು 1957ರ ಏಪ್ರಿಲ್‌ವರೆಗೆ ಆಣೆಯ ಲೆಕ್ಕ. 1980ರ ದಶಕದ ದೃಶ್ಯಗಳಲ್ಲಿ ಕಚೇರಿ ಬೋರ್ಡು ‘ಮೈಸೂರು ಜಿಲ್ಲೆ’ ಎಂದೇ ಇರಬೇಕು, ಏಕೆಂದರೆ ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಬಸ್ಸಿಗೆ ಈಗಿನ ಚಾಮರಾಜನಗರದ ಕೆಎ-10 ನಂಬರು ಹಾಕಿದರೆ ಊರಿನವರು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಸಂಭಾಷಣೆಯಲ್ಲಿ ಗಾಯಕರು ಜಮೀನ್ದಾರರನ್ನು ‘ಬುದ್ಧಿ’ ಎಂದು ಕರೆಯುವುದನ್ನು ಹಾಗೆಯೇ ಉಳಿಸಿದೆ. ಅದನ್ನು ‘ಸ್ವಾಮಿ’ ಎಂದು ತಿದ್ದಿದರೆ ಆ ಊರಿನ ಜಾತಿಯ ಲೆಕ್ಕಾಚಾರವೇ ಪರದೆಯಿಂದ ಮಾಯವಾಗುತ್ತದೆ.

ಹಕ್ಕು, ಅನುಮತಿ

ಕಾವ್ಯ ಪರಂಪರೆಯದ್ದು, ಕ್ಯಾಸೆಟ್ ಕಂಪನಿಯದ್ದು. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1984ರ ಕ್ಯಾಸೆಟ್ ಎಂದರೆ 2044ರ ಕೊನೆಯವರೆಗೆ. ಹಾಗಾಗಿ ಮೂಲ ಕ್ಯಾಸೆಟ್ಟಿನ ದನಿ ಕೇಳಿಬರುವ ಒಂದೇ ದೃಶ್ಯಕ್ಕೆ ಪರವಾನಗಿ ಮಾತುಕತೆ ನಡೆದಿದೆ, ಉಳಿದೆಲ್ಲ ಹೊಸ ಹಾಡಿಕೆ. ಮುದ್ರಿತ ಸಂಪಾದಿತ ಪಠ್ಯದಿಂದ ಸಾಲುಗಳನ್ನು ಎತ್ತುತ್ತಿಲ್ಲ, ಹಾಡುವವರ ಬಾಯಿಪಾಠವೇ ಪಠ್ಯ. ಮನೆಯವರ ಒಪ್ಪಿಗೆಪತ್ರದಲ್ಲಿ ಹೆಸರು, ದನಿ, ಫೋಟೋ, ಪತ್ರಗಳು ಎಂದು ಬೇರೆಬೇರೆಯಾಗಿ ಬರೆಸಬೇಕು. ‘ಜೀವನಕಥೆ’ ಎಂಬ ಒಂದೇ ಪದ ಸಾಲದು.

ಎತ್ತಿನಗಾಡಿಯ ದೃಶ್ಯಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಚಿತ್ರೀಕರಣಕ್ಕೆ ಮೊದಲೇ ಬೇಕು, ಸೆನ್ಸಾರ್ ಹೊತ್ತಿಗೆ ಓಡಾಡಿದರೆ ಪ್ರಯೋಜನವಿಲ್ಲ. ಬೀಡಿ ಸೇದುವ ಎರಡು ದೃಶ್ಯ ಕೈಬಿಟ್ಟಾಯಿತು. ಇಲ್ಲದಿದ್ದರೆ ಹಾಡಿನ ನಡುವೆಯೇ ಪರದೆಯ ಕೆಳಗೆ ಎಚ್ಚರಿಕೆಯ ಅಕ್ಷರ ಬಂದು ಕೂರುತ್ತದೆ.

ಜಾತ್ರೆಯಲ್ಲಿ ತೆಗೆಯುವುದು ಬನದ ಹುಣ್ಣಿಮೆಯ ಮೊದಲ ರಾತ್ರಿಯ ಚಂದ್ರಮಂಡಲ ಮಾತ್ರ. ಬಿದಿರಿನ ಚೌಕಟ್ಟಿಗೆ ಬೆಂಕಿ ಇಟ್ಟು, ಉರಿ ಯಾವ ದಿಕ್ಕಿಗೆ ಹೆಚ್ಚು ಹತ್ತಿತೋ ಆ ಕಡೆ ಮಳೆಬೆಳೆ ಚೆನ್ನಾಗಿ ಆಗುತ್ತದೆಂದು ಜನ ಲೆಕ್ಕ ಹಾಕುತ್ತಾರೆ. ಇದಕ್ಕೆ ಎರಡನೇ ಟೇಕ್ ಇಲ್ಲ. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಉರಿ ಬಿಳಿಚಿಕೊಳ್ಳುತ್ತದೆ, ಆದ್ದರಿಂದ 3200 ಕೆಲ್ವಿನ್‌ಗೆ ಕಟ್ಟಿಹಾಕಿ, ಎಕ್ಸ್‌ಪೋಷರ್ ಉರಿಗೇ ಹೊಂದಿಸಿ, ಮುಖಗಳನ್ನು ಕತ್ತಲಿಗೆ ಬಿಡಬೇಕು. ಒಂದು ಕ್ಯಾಮೆರಾ ಪೂರ್ತಿ ಚೌಕಟ್ಟಿಗೆ, ಒಂದು ಜನರ ಮೇಲೆ, ಮೂರನೆಯದು ತಂಬೂರಿ ಹಿಡಿದು ನಿಂತವರ ಕೈಗಳ ಮೇಲೆ. ನಾಲ್ಕನೇ ದಿನದ ಪಂಕ್ತಿಸೇವೆಗೆ (ಎಲ್ಲರೂ ಸಾಲಾಗಿ ಕೂತು ಉಣ್ಣುವುದು) ಕ್ಯಾಮೆರಾ ಹೋಗುವುದಿಲ್ಲ.

ಮುಂದಿನ ಕಂತಿನಲ್ಲಿ ದಮ್ಮಡಿ ಮತ್ತು ಬೂಮ್ ಪರೀಕ್ಷೆಯ ಧ್ವನಿ ತುಣುಕುಗಳು, ಆಕಾಶವಾಣಿ ಸ್ಟುಡಿಯೋ ದೃಶ್ಯದ ಸ್ಪೂಲ್ ಯಂತ್ರದ ಅಳತೆಗಳು ಬರುತ್ತವೆ.