ಇಳಿತದ ನಾಲ್ಕು ಗಂಟೆ

ಶಾಲಾ ಮಕ್ಕಳನ್ನು ಕಡಲ ಬಂಡೆಗಳ ಮೇಲೆ ಕರೆದೊಯ್ಯುವ ದಿನ ಶಾಲೆಯ ವೇಳಾಪಟ್ಟಿ ನಡೆಯುವುದಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಊಟ ಯಾವಾಗ, ಯಾವ ತಂಡ ಮೊದಲು ಕೆಳಗಿಳಿಯಬೇಕು ಎಂಬುದೆಲ್ಲ ಉಬ್ಬರವಿಳಿತದ ಪಟ್ಟಿ ನೋಡಿದ ಮೇಲೆಯೇ ತೀರ್ಮಾನವಾಗಬೇಕು. ಇಂಥ ಪ್ರವಾಸಗಳು ಹಾಳಾಗುವುದನ್ನು ನಾವು ಕಂಡಿರುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ: ದಿನಾಂಕವನ್ನು ಶಾಲೆ ಮೊದಲೇ ನಿಗದಿ ಮಾಡಿರುತ್ತದೆ, ಮಕ್ಕಳು ಬಂದಿಳಿಯುವಾಗ ನೀರು ಏರುತ್ತಿರುತ್ತದೆ, ನೋಡಬೇಕಾದದ್ದೆಲ್ಲ ಅಲೆಯಡಿ ಮುಳುಗಿರುತ್ತದೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಕೆಳಕ್ಕೆ ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಏರಿಳಿತ ಕಡಿಮೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಇರುವ ಕರಾವಳಿಯಲ್ಲಿ ಒಂದು ಇಳಿತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಿಗ್ಗೆ 9ಕ್ಕಿದ್ದ ಇಳಿತ ನಾಳೆ 9:50ರ ಹೊತ್ತಿಗೆ ಬರುತ್ತದೆ. ಒಂದೇ ಜಾಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತಗಳು ಹೆಚ್ಚುಕಡಿಮೆ ಅದೇ ಹೊತ್ತಿಗೇ ಬೀಳುತ್ತವೆ. ಇದನ್ನು ತಿಳಿದರೆ ವರ್ಷದ ಯೋಜನೆ ಸುಲಭ: ಒಂದು ಒಳ್ಳೆಯ ದಿನ ಸಿಕ್ಕಿತೆಂದರೆ ಮುಂದಿನದು ಸುಮಾರು ಹದಿನೈದು ದಿನಕ್ಕೆ. ಪಟ್ಟಿಯಲ್ಲಿ ಹೊತ್ತಿನ ಜೊತೆಗೆ ನೀರಿನ ಎತ್ತರವನ್ನೂ ನೋಡಿ. ಆ ಪಟ್ಟಿ ಯಾವ ಬಂದರಿನದು ಎಂಬುದನ್ನೂ ಗಮನಿಸಿ, ಏಕೆಂದರೆ ಜಾಗ ಬದಲಾದರೆ ಹೊತ್ತೂ ಬದಲಾಗುತ್ತದೆ. ಕಡಲಿನಿಂದ ದಡದತ್ತ ಜೋರಾಗಿ ಗಾಳಿ ಬೀಸುವ ದಿನ, ವಾಯುಭಾರ ಕುಸಿದ ದಿನ, ನೀರು ಪಟ್ಟಿಯಲ್ಲಿ ಹೇಳಿದಷ್ಟು ಇಳಿಯುವುದಿಲ್ಲ.

ಇಳಿತ 10:40ಕ್ಕೆ ಎಂದಿಟ್ಟುಕೊಳ್ಳೋಣ. ಮಕ್ಕಳು 8:40ಕ್ಕೆ ಬಂಡೆಯ ಬಳಿ ಇರಬೇಕು. ಇಳಿಯುವ ನೀರಿನ ಹಿಂದೆಯೇ ಕೆಳಕ್ಕೆ ಹೋಗುವುದು, ಏರತೊಡಗಿದ ಅರ್ಧ ಗಂಟೆಯೊಳಗೆ, ಅಂದರೆ 11:10ಕ್ಕೆ, ಕೆಳಬಂಡೆ ಬಿಟ್ಟು ಮೇಲೆ ಬಂದಿರುವುದು ನಮ್ಮ ನಿಯಮ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆ 2.4 ಮೀಟರ್ ಆದರೆ ಮೊದಲ ಗಂಟೆಯಲ್ಲಿ 20 ಸೆಂ.ಮೀ., ಎರಡನೆಯದರಲ್ಲಿ 40, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ತಲಾ 60, ಆಮೇಲೆ ಮತ್ತೆ 40, 20. ಮೊದಲ ಗಂಟೆಯ ನಿಧಾನ ನೋಡಿ 'ಇನ್ನೂ ಹೊತ್ತಿದೆ' ಎಂದುಕೊಳ್ಳುವುದೇ ಅಪಾಯ. ಹಿಂದಿರುಗುವ ದಾರಿ ತಗ್ಗಿನಲ್ಲಿದ್ದರೆ ನಿಂತ ಬಂಡೆ ಒಣಗಿರುವಾಗಲೇ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ಹಿಂದಿನ ಇಳಿತದಲ್ಲೇ ದೊಡ್ಡವರಿಬ್ಬರು ಹೋಗಿ ದಾರಿ ನಡೆದು ನೋಡಿ ಬರಬೇಕು.

ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು. ಅದರ ಮೇಲೆ ಯಾವ ತಂಡಕ್ಕೂ ಸೇರದ, ಕಡಲನ್ನೇ ನೋಡುತ್ತ ನಿಲ್ಲುವ ಇನ್ನೊಬ್ಬರು. ಈ ಕೊನೆಯವರನ್ನು ಬಿಟ್ಟು ಹೊರಡಬೇಡಿ. ಮಕ್ಕಳ ಜೊತೆ ಬಗ್ಗಿ ಏಡಿ ನೋಡುವವರಿಗೆ ಬರುವ ದೊಡ್ಡ ಅಲೆ ಕಾಣಿಸುವುದಿಲ್ಲ. ಕಾಲಿಗೆ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಅಥವಾ ಹಳೆಯ ಕ್ಯಾನ್‌ವಾಸ್ ಶೂ ಇರಲಿ. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಬರಿಗಾಲನ್ನು ಸಿಂಪಿಯ ಅಂಚು ಸೀಳುತ್ತದೆ. ತಲೆಗೊಂದು ಟೊಪ್ಪಿ, ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ಕುಡಿಯುವ ನೀರು. ಬರೆಯಲು ಪೆನ್ಸಿಲ್ ಮಾತ್ರ, ಒದ್ದೆ ಹಾಳೆಯ ಮೇಲೆ ಪೆನ್ನಿನ ಶಾಯಿ ಹರಡುತ್ತದೆ. ಹಾಳೆಯನ್ನು ರಟ್ಟಿಗೆ ಎರಡು ರಬ್ಬರ್ ಬ್ಯಾಂಡಿನಿಂದ ಬಿಗಿದು ಕೊಟ್ಟರೆ ಗಾಳಿಗೆ ಹಾರುವುದಿಲ್ಲ.

ಬಂಡೆಗೆ ಕಾಲಿಡುವ ಮೊದಲೇ ಐದು ನಿಮಿಷ ಮಕ್ಕಳನ್ನು ಮೇಲೆಯೇ ಕೂರಿಸುತ್ತೇವೆ. ಅಲ್ಲಿಂದ ನೋಡಿದರೆ ಬಂಡೆಯ ಮೈಮೇಲೆ ಅಡ್ಡ ಪಟ್ಟೆಗಳು ಕಾಣುತ್ತವೆ: ಮೇಲೆ ಕಪ್ಪು, ನಡುವೆ ಬೂದು-ಬಿಳಿ, ಕೆಳಗೆ ಹಸಿರು, ಕಂದು. ಮೇಲಿನ ಪಟ್ಟೆಯ ಜೀವಿಗಳಿಗೆ ಕಷ್ಟ ಬಿಸಿಲಿನದು, ಒಣಗುವುದರದು. ಕೆಳಗಿನವಕ್ಕೆ ಒಂದನ್ನೊಂದು ತಿನ್ನುವ, ಜಾಗಕ್ಕಾಗಿ ತಳ್ಳಾಡುವ ಕಷ್ಟ. ಇದನ್ನು ನಾವಾಗಿ ಹೇಳುವುದಿಲ್ಲ. ಪಟ್ಟೆ ಎಷ್ಟಿವೆ ಎಂದು ಎಣಿಸಿ, ಚಿತ್ರ ಬರೆಯಿರಿ ಎನ್ನುತ್ತೇವೆ ಅಷ್ಟೆ. ಕಾರಣ ಮಧ್ಯಾಹ್ನದ ಹೊತ್ತಿಗೆ ಅವರ ಬಾಯಿಂದಲೇ ಬರುತ್ತದೆ.

ಇಡೀ ದಿನದಲ್ಲಿ ನಾವು ಹೆಚ್ಚು ಜೋಪಾನ ಮಾಡುವುದು ಒಂದು ಸಣ್ಣ ಕೆಲಸವನ್ನು. ಬಾರ್ನಕಲ್ ಅಂಟಿರುವ ಮುಷ್ಟಿಗಾತ್ರದ ಬಿಡಿ ಕಲ್ಲೊಂದನ್ನು, ಅದು ಇದ್ದ ಜಾಗಕ್ಕೆ ಗುರುತಿಟ್ಟು ಎತ್ತಿ, ಬಿಳಿ ಟ್ರೇಯಲ್ಲಿ ಪಕ್ಕದ ಕುಳಿಯದೇ ನೀರು ತುಂಬಿ, ಪೂರ್ತಿ ಮುಳುಗುವಂತೆ ಇಡುತ್ತೇವೆ. ಸುತ್ತ ಐದಾರು ಮಕ್ಕಳು, ಕೈಗೊಂದು ಭೂತಗನ್ನಡಿ. 'ಇದು ಕಲ್ಲೇ ಅಲ್ವಾ ಮೇಡಂ?' ಎಂಬ ಮಾತು ಪ್ರತಿ ಸಲವೂ ಬರುತ್ತದೆ. ಮಾತಾಡದೆ, ಅಲುಗಾಡದೆ ಕಾಯಬೇಕು. ಮೂರೋ ನಾಲ್ಕೋ ನಿಮಿಷಕ್ಕೆ ಸುಣ್ಣದ ಗೋಪುರದ ತುದಿಯ ಬಾಗಿಲು ಸೀಳಿದಂತೆ ತೆರೆದು, ಒಳಗಿನಿಂದ ರೆಪ್ಪೆಗೂದಲಿನಂಥ ಒಂದು ಗರಿ ಹೊರಬಂದು, ಬಿಚ್ಚಿಕೊಂಡು, ನೀರನ್ನು ಬಾಚಿ, ಒಳಸರಿಯುತ್ತದೆ. ಮತ್ತೆ ಬರುತ್ತದೆ. ಪಕ್ಕದ್ದೂ ತೆರೆಯುತ್ತದೆ. ಆಗ ಯಾರಾದರೂ ಕೈ ಚಾಚಿದರೆ, ಮುಟ್ಟುವುದು ಬೇಡ, ನೆರಳು ಬಿದ್ದರೆ ಸಾಕು, ಎಲ್ಲವೂ ಒಟ್ಟಿಗೆ ಬಾಗಿಲು ಹಾಕಿಕೊಳ್ಳುತ್ತವೆ. ಮುಂದಿನ ಸಲ ಮಕ್ಕಳೇ ಒಬ್ಬರಿಗೊಬ್ಬರು 'ನೆರಳು, ನೆರಳು' ಎಂದು ಪಿಸುಗುಟ್ಟುತ್ತಾರೆ. ಆ ಗರಿಗಳು ಅದರ ಕಾಲುಗಳು, ಆರು ಜೊತೆ. ಏಡಿ, ಸಿಗಡಿಗಳ ಬಳಗದ ಈ ಜೀವಿ ಮರಿಯಾಗಿದ್ದಾಗ ಈಜಾಡಿ, ಬಳಿಕ ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಉಳಿದ ಜೀವಮಾನವೆಲ್ಲ ಕಾಲಿನಿಂದ ಬಾಯಿಗೆ ಊಟ ಬಾಚಿಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಇವುಗಳ ಅಧ್ಯಯನದಲ್ಲೇ ಕಳೆದರು ಎಂದು ಈ ಹೊತ್ತಿನಲ್ಲಿ ಹೇಳಿದರೆ ಮಕ್ಕಳಿಗೆ ಆಶ್ಚರ್ಯವಾಗುವುದಿಲ್ಲ. ಅವರೂ ಅದನ್ನೇ ನೋಡುತ್ತಿರುತ್ತಾರೆ.

ಟ್ರೇಯ ನೀರು ಬಿಸಿಲಿಗೆ ಬೇಗ ಕಾಯುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ಟ್ರೇಗೆ ಕೊಡೆಯ ನೆರಳಿರಲಿ. ಐದು ನಿಮಿಷಕ್ಕೊಮ್ಮೆ ನೀರು ಬದಲಿಸಿ, ಹತ್ತು ನಿಮಿಷಕ್ಕೆ ಜೀವಿಯನ್ನು ಅದೇ ಜಾಗಕ್ಕೆ ಬಿಡಿ. ಏಡಿಯನ್ನೂ ಸಣ್ಣ ಮೀನನ್ನೂ ಒಂದೇ ಟ್ರೇಯಲ್ಲಿ ಇಡಬಾರದು. ಮುಟ್ಟುವ ಮೊದಲು ಕೈಯನ್ನು ಕಡಲ ನೀರಿನಲ್ಲೇ ತೋಯಿಸಬೇಕು, ಕೈಯಲ್ಲಿ ಕ್ರೀಮು, ಎಣ್ಣೆ ಇರಬಾರದು. ಬಂಡೆ ಕಚ್ಚಿ ಕೂತದ್ದನ್ನು ಕೀಳುವುದೇ ಬೇಡ. ಟೊಪ್ಪಿಯಂಥ ಚಿಪ್ಪಿನ, ಬಸವನಹುಳುವಿನ ಬಳಗದ ಲಿಂಪೆಟ್ ತನ್ನ ಚಿಪ್ಪಿನ ಅಂಚಿಗೆ ಹೊಂದುವ ಗುಂಡಿಯನ್ನು ಬಂಡೆಯಲ್ಲಿ ಸವೆಸಿಕೊಂಡಿರುತ್ತದೆ, ಮೇಯಲು ಹೋದದ್ದು ಅಲ್ಲಿಗೇ ಮರಳುತ್ತದೆ. ಕಿತ್ತು ಬೇರೆಡೆ ಇಟ್ಟರೆ ಒಣಗಿ ಸಾಯಬಹುದು. ಮಗುಚಿದ ಕಲ್ಲನ್ನು ಮೊದಲಿದ್ದ ಹಾಗೆಯೇ ಇಡುವುದಂತೂ ಕಡ್ಡಾಯ. ಅಡಿಯ ಮಗ್ಗುಲಿನ ಜೀವಿಗಳು ಬಿಸಿಲಿಗೆ ಸಾಯುತ್ತವೆ, ಮೇಲಿನ ಪಾಚಿ ಕತ್ತಲಲ್ಲಿ ಸಾಯುತ್ತದೆ. ಮಗುವಿನ ತಲೆಗಿಂತ ದೊಡ್ಡ ಕಲ್ಲನ್ನು ಎತ್ತುವುದಿಲ್ಲ.

ಎಣಿಕೆಗೆ 50 ಸೆಂ.ಮೀ. ಚೌಕಟ್ಟು ಸಾಕು. ಅರ್ಧ ಇಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೋ, ನೈಲಾನ್ ದಾರ. ಅಂಟು ಹಾಕುವ ಮುನ್ನ ಒಳ ಅಂಚಿನಿಂದ ಒಳ ಅಂಚಿಗೆ 50 ಬರುತ್ತದೆಯೇ ಅಳೆಯಿರಿ. ಪೈಪಿಗೆ ಅಲ್ಲಲ್ಲಿ ತೂತು ಕೊರೆಯದಿದ್ದರೆ ಒಳಗೆ ಗಾಳಿ ಉಳಿದು ಕುಳಿಯಲ್ಲಿ ತೇಲುತ್ತದೆ. 10 ಸೆಂ.ಮೀ. ಅಂತರಕ್ಕೆ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ದಾರ ಕಟ್ಟಿದರೆ 25 ಮನೆಗಳಾಗುತ್ತವೆ, ಒಂದೊಂದು ಮನೆಯೂ 4 ಶೇಕಡ. ಉಬ್ಬರದ ಗೆರೆಯಿಂದ ನೀರಿನಂಚಿನವರೆಗೆ ಟೇಪು ಎಳೆದು 3 ಮೀಟರಿಗೊಮ್ಮೆ ಚೌಕಟ್ಟು ಇಡಬೇಕು. ಮಕ್ಕಳು ಅದನ್ನು ಏನಾದರೂ ಚೆಂದದ್ದು ಇರುವ ಕಡೆಗೆ ಸರಿಸುತ್ತಾರೆ, ಇದು ತಪ್ಪದೆ ನಡೆಯುತ್ತದೆ. ಖಾಲಿ ಬಂಡೆಯೂ ಲೆಕ್ಕವೇ, ಸೊನ್ನೆ ಬರೆಯುವುದೂ ಎಣಿಕೆಯೇ ಎಂದು ಮೊದಲೇ ಹೇಳಿಡಬೇಕು. ಗೆರೆಯ ಮೇಲೆ ಕೂತ ಜೀವಿಗೊಂದು ನಿಯಮ ಬೇಕು: ಎಡ ಮತ್ತು ಮೇಲಿನ ಅಂಚು ಮುಟ್ಟಿದ್ದು ಒಳಗೆ, ಬಲ ಮತ್ತು ಕೆಳಗಿನದು ಹೊರಗೆ. ಬಾರ್ನಕಲ್‌ಗಳನ್ನು ಪೂರ್ತಿ ಎಣಿಸಲು ಹೊರಟರೆ ಹೊತ್ತು ಅಲ್ಲೇ ಮುಗಿಯುತ್ತದೆ. ಚೀಟಿ ಎತ್ತಿ ಮೂರು ಮನೆ ಆರಿಸಿ ಎಣಿಸಿ, ಸರಾಸರಿಯನ್ನು 25ರಿಂದ ಗುಣಿಸಿದರೆ ಸಾಕು. ಒಳಗೆ ಜೀವವಿಲ್ಲದ ಖಾಲಿ ಗೋಪುರಗಳಿಗೆ ಬೇರೆ ಕಲಂ. ಗುರುತಿಸುವ ಚಿತ್ರಪಟದಲ್ಲಿ ಎಂಟೋ ಹತ್ತೋ ಜೀವಿಗಳಿರಲಿ. ಐವತ್ತು ಇದ್ದರೆ ಮಕ್ಕಳು ಬಂಡೆ ಬಿಟ್ಟು ಹಾಳೆ ನೋಡುತ್ತಾರೆ.

ಮೇಲೆ ಬಂದ ಮೇಲೆ ಅಲೆ ತಂದು ಸುರಿದ ಕಸದ ಸಾಲು. ಇಲ್ಲಿ ಕ್ರಮ ತಪ್ಪಬಾರದು: ಮೊದಲು ಎಣಿಕೆ, ಆಮೇಲೆ ಹೆಕ್ಕುವುದು. ಸೂಜಿ, ಒಡೆದ ಗಾಜನ್ನು ದೊಡ್ಡವರೇ ಎತ್ತಬೇಕು. ಒಣಗಿದ ಕಡಲಕಳೆಯನ್ನು ಕಸವೆಂದು ಗುಡಿಸಬಾರದು, ಅದರಡಿ ಮರಳುಜಿಗಿಗಳು, ಅಂದರೆ ಸಿಗಡಿಯ ಬಳಗದ ಪುಟ್ಟ ಜಿಗಿಯುವ ಜೀವಿಗಳು, ಬದುಕಿರುತ್ತವೆ. 5 ಮಿ.ಮೀ.ಗಿಂತ ಸಣ್ಣ ಪ್ಲಾಸ್ಟಿಕ್ ತೋರಿಸಲು, ಕಣ್ಣಿಗೆ ಕಾಣುವ ಚೂರುಗಳನ್ನು ಹೆಕ್ಕಿದ ಬಳಿಕ ಒಂದು ಲೋಟ ಮರಳನ್ನು ಬಕೆಟ್ಟಿಗೆ ಹಾಕಿ, ಲೀಟರಿಗೆ ಸುಮಾರು 350 ಗ್ರಾಂ ಉಪ್ಪು ಕರಗಿಸಿದ ನೀರು ಸುರಿದು ಕಲಕಿ ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ಚೂರುಗಳು ತೇಲುತ್ತವೆ. ನೀರಿನ ಬಾಟಲಿಗೆ ಬಳಸುವ ಪೆಟ್ ಮುಳುಗುತ್ತದೆ, ಆದ್ದರಿಂದ ತೇಲಿದ್ದೇ ಎಲ್ಲವೂ ಅಲ್ಲ ಎಂದು ಹಾಳೆಯಲ್ಲಿ ಬರೆಸಬೇಕು.

ಪೆಟ್ಟಿಗೆಯಲ್ಲಿ ಒಂದು ಫ್ಲಾಸ್ಕ್ ಬಿಸಿನೀರು ಯಾವಾಗಲೂ ಇರಲಿ. ಸೀ ಅರ್ಚಿನ್ ಮುಳ್ಳು, ಮುಳ್ಳುಬಾಲದ ತೊರಕೆ ಮೀನಿನ ಚುಚ್ಚು ಆದರೆ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, ದೊಡ್ಡವರ ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿಟ್ಟು ವೈದ್ಯರ ಬಳಿಗೆ ಹೊರಡಬೇಕು. ಲೋಳೆಮೀನು ಸೋಕಿದರೆ ಮರಳಿನಿಂದ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಎರಡರಿಂದಲೂ ಉಳಿದ ವಿಷಕೋಶಗಳು ಸಿಡಿಯುತ್ತವೆ. ಕಡಲ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಶಂಕುವಿನಾಕಾರದ ಚೆಲುವಾದ ಕೋನ್ ಶಂಖಕ್ಕೆ ಯಾರೂ ಕೈ ಹಾಕಬಾರದು. ಅದರ ವಿಷ ಜೀವಕ್ಕೇ ಅಪಾಯ. ಖಾಲಿ ಶಂಖವನ್ನೂ ಮನೆಗೆ ಒಯ್ಯುವುದು ಬೇಡ ಎನ್ನುತ್ತೇವೆ, ಅದು ಸನ್ಯಾಸಿ ಏಡಿಯ ಮುಂದಿನ ಮನೆ.

ಮರುದಿನ ತರಗತಿಯಲ್ಲಿ ಹಾಳೆಗಳನ್ನು ಅಕ್ಕಪಕ್ಕ ಇಡುತ್ತೇವೆ. ಒಂದೇ ಚೌಕಟ್ಟಿಗೆ ಒಂದು ತಂಡ ಪಾಚಿ 20 ಶೇಕಡ ಎಂದು ಬರೆದಿರುತ್ತದೆ, ಇನ್ನೊಂದು 44. ಸರಿ ಯಾವುದು ಎಂದು ನಾವು ಹೇಳುವುದಿಲ್ಲ. ಚೌಕಟ್ಟಿನ ಮೇಲಿನಿಂದ ನೇರವಾಗಿ ತೆಗೆದ ಫೋಟೊ ಕೊಟ್ಟು ಮತ್ತೆ ಎಣಿಸಲು ಬಿಡುತ್ತೇವೆ. ಅರ್ಧ ತುಂಬಿದ ಮನೆಯನ್ನು ಒಬ್ಬರು ಲೆಕ್ಕಕ್ಕೆ ಹಿಡಿದದ್ದು, ಇನ್ನೊಬ್ಬರು ಬಿಟ್ಟದ್ದು ಅಲ್ಲಿ ಗೊತ್ತಾಗುತ್ತದೆ. ಅರ್ಧಕ್ಕಿಂತ ಹೆಚ್ಚಿದ್ದರೆ ಒಂದು, ಕಡಿಮೆಯಿದ್ದರೆ ಬಿಡುವುದು ಎಂದು ಅವರೇ ಗೊತ್ತುಮಾಡಿಕೊಳ್ಳುತ್ತಾರೆ. ಆ ನಿಯಮವನ್ನು ಹಾಳೆಯ ತಲೆಯಲ್ಲಿ ಬರೆಸಿ, ಕೆಳಗಿನ ಮೂಲೆಯಲ್ಲಿ ಮುಂದಿನ ದೊಡ್ಡ ಇಳಿತದ ದಿನಾಂಕ, ಗಂಟೆ, ನಿಮಿಷ ಬರೆಸುತ್ತೇವೆ.