ಬೋಂಗೊಗೆ ನೀರು ತುಂಬಿಸಿದ ಶನಿವಾರ

ಎಂಜಿನ್ ತಣಿಸುವ ನೀರು ಕಡಿಮೆಯಾದರೆ ಕೂಗುವ ಅಲಾರಂ ಕೂಗಿದಾಗ ನಾವು ಇಂಗ್ಲೆಂಡಿನ ಎಂ4 ಹೆದ್ದಾರಿಯಲ್ಲಿ ನಮ್ಮೂರು ಸ್ವಿಂಡನ್ ಕಡೆಗೆ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ. ಹೀಥ್ರೋದಲ್ಲಿ ಅವರನ್ನು ಹತ್ತಿಸಿಕೊಂಡು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಟೆಂಪರೇಚರ್ ಮುಳ್ಳು ದಿನಾ ಇರುವ ಜಾಗದಲ್ಲೇ ಇತ್ತು, ಒಂದು ಕೂದಲೆಳೆಯೂ ಅಲುಗಿರಲಿಲ್ಲ. ಆದರೂ ಗಾಡಿಯನ್ನು ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿದೆ. ಯಾಕೆಂದರೆ ಈ ಗಾಡಿಯಲ್ಲಿ ಮುಳ್ಳನ್ನು ನಂಬಬಾರದು, ಅಲಾರಂ ಅನ್ನು ನಂಬಬೇಕು.

ಗಾಡಿ ಮಜ್ದಾ ಬೋಂಗೊ ಫ್ರೆಂಡಿ, 1998ರ ಮಾಡೆಲ್. ಮಜ್ದಾದವರು 1995ರಿಂದ 2005ರವರೆಗೆ ಜಪಾನಿನ ಜನರಿಗೆಂದೇ ಮಾಡಿದ ಎಂಟು ಸೀಟಿನ ಗಾಡಿ ಇದು. ಇದೇ ಗಾಡಿ ಫೋರ್ಡ್ ಫ್ರೀಡಾ ಅನ್ನೋ ಹೆಸರಲ್ಲೂ ಅಲ್ಲಿ ಮಾರಾಟವಾಯಿತು. ಬ್ರಿಟನ್ನಿನ ಶೋರೂಮಿಗೆ ಇದು ಹೊಸದಾಗಿ ಬರಲೇ ಇಲ್ಲ. ಅಲ್ಲಿ ಹಳೆಯದಾದ ಮೇಲೆ ಹರಾಜಿಗೆ ಬಿದ್ದು, ಹಡಗು ಹತ್ತಿ ಸಾವಿರಗಟ್ಟಲೆ ಇಲ್ಲಿಗೆ ಬಂದವು. ಎರಡೂ ದೇಶದಲ್ಲಿ ರಸ್ತೆಯ ಎಡಕ್ಕೆ ಓಡಿಸುತ್ತಾರೆ, ಹಾಗಾಗಿ ಸ್ಟೀರಿಂಗ್ ಸರಿಯಾಗಿ ಬಲಕ್ಕಿದೆ. ಇರುವ ಒಂದೇ ಜಾರುಬಾಗಿಲು ಎಡಕ್ಕೆ, ಫುಟ್‌ಪಾತ್ ಕಡೆ ತೆರೆಯುತ್ತದೆ. ಒಳಗಿನ ಸೀಟುಗಳನ್ನೆಲ್ಲ ಮಡಚಿದರೆ ಹಾಸಿಗೆ. ಗುಂಡಿ ಒತ್ತಿದರೆ ಮೋಟಾರು ಚಾವಣಿಯನ್ನು ಎತ್ತುತ್ತದೆ, ಮೇಲೆ ಇನ್ನಿಬ್ಬರು ಮಲಗಬಹುದು. ಈ ಬೆಲೆಗೆ ಇಷ್ಟು ಜಾಣತನದಿಂದ ಮಾಡಿದ ಇನ್ನೊಂದು ಗಾಡಿಯನ್ನು ನಾನಂತೂ ನೋಡಿಲ್ಲ.

ಗಾಡಿಯ ಜೊತೆ ಹರಾಜಿನ ಚೀಟಿಯೂ ಸಿಕ್ಕಿತ್ತು. ಗಾಡಿಯನ್ನು ನಾಲ್ಕೂ ಕಡೆಯಿಂದ ಬಿಡಿಸಿಟ್ಟ ಹಾಗೆ ಒಂದು ಚಿತ್ರ, ಅದರ ಮೇಲೆ ಕೈಯಲ್ಲಿ ಬರೆದ ಗುರುತುಗಳು. ಎ ಅಂದರೆ ಗೀರು, ಯು ಅಂದರೆ ತಗ್ಗು, ಪಕ್ಕದ ಅಂಕಿ ಅದು ಎಷ್ಟು ದೊಡ್ಡದು ಅಂತ ಹೇಳುತ್ತದೆ. ಹಿಂದಿನ ಬಂಪರಿನ ಮೂಲೆಯಲ್ಲಿ 'ಯು1' ಅಂತ ಬರೆದಿದ್ದರು. ಹೋಗಿ ಬೆರಳಿಟ್ಟು ನೋಡಿದರೆ ಆ ತಗ್ಗು ಇವತ್ತಿಗೂ ಅಲ್ಲೇ ಇದೆ. ಬಾಗಿಲ ಚೌಕಟ್ಟಿನಲ್ಲಿ ಆಯಿಲ್ ಬದಲಿಸಿದ ಸಣ್ಣ ಸ್ಟಿಕರ್ ಇದೆ. ಜಪಾನೀ ಅಕ್ಷರ, ಕಿಲೋಮೀಟರ್ ಲೆಕ್ಕ, ಜೊತೆಗೆ ಅವರ ಹೇಸೇ ಕಾಲಮಾನದ ವರ್ಷ. 1998 ಅಂದರೆ ಅವರಿಗೆ ಹೇಸೇ 10. ಗುರುತಿಲ್ಲದ ಯಾರೋ ಇದನ್ನು ಇಷ್ಟು ಅಚ್ಚುಕಟ್ಟಾಗಿ ನೋಡಿಕೊಂಡಿದ್ದಾರೆ. ನನ್ನ ಕೈಯಲ್ಲಿ ಇದು ಹಾಳಾಗಬಾರದು ಅನ್ನೋ ಹಟ ಹುಟ್ಟಿದ್ದು ಆ ಸ್ಟಿಕರ್ ನೋಡಿದ ಮೇಲೆ.

ಹೆದ್ದಾರಿ ಪಕ್ಕ ನಿಂತಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, 'ಎಂಜಿನ್ ಎಲ್ಲಿದೆಯೋ?'

'ಮುಂದಿನ ಸೀಟಿನ ಕೆಳಗೆ.'

'ಓಮ್ನಿ ತರಾನಾ?'

ಹೌದು, ಓಮ್ನಿ ತರಾನೇ. ಅಪ್ಪನಿಗೆ ಅಷ್ಟು ಹೇಳಿದರೆ ಸಾಕಿತ್ತು. ತೀರ್ಥಹಳ್ಳಿಯಲ್ಲಿ ಅವರು ವರ್ಷಗಟ್ಟಲೆ ಮಾರುತಿ ಓಮ್ನಿ ಓಡಿಸಿದವರು. 796 ಸಿಸಿಯ ಆ ಪುಟ್ಟ ಎಂಜಿನ್ನೂ ಸೀಟಿನ ಕೆಳಗೇ ಇತ್ತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿ ಬಂದಾಗ ಸೀಟು ಹೇಗೆ ಕಾಯುತ್ತದೆ ಅಂತ ಅವರ ಮೈಗೇ ಗೊತ್ತು. ಅದೂ ಜಪಾನಿನಲ್ಲಿ ಹುಟ್ಟಿದ ವಿನ್ಯಾಸವೇ, ಸುಜುಕಿಯವರದ್ದು. ಅಮ್ಮ ಮಾತ್ರ ಮಜ್ದಾ ಹೆಸರು ಕೇಳಿ, 'ಮದುವೆ ದಿಬ್ಬಣಕ್ಕೆ ಬರ್ತಿತ್ತಲ್ಲ ಸ್ವರಾಜ್ ಮಜ್ದಾ, ಅದೇ ಕಂಪನಿನಾ?' ಅಂದರು. ಎರಡೂ ಕಡೆ ಹೆಸರು ಅದೇ ಮಜ್ದಾದ್ದು. ಅಷ್ಟರಲ್ಲಿ ಅವರಿಬ್ಬರಿಗೂ ಗಾಡಿ ಪರಿಚಯದ್ದಾಯಿತು.

ಮುಂದಿನ ಸಣ್ಣ ಬಾನೆಟ್ ಎತ್ತಿ ನೋಡಿದರೆ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ನೀರಿನ ಟ್ಯಾಂಕಿನಲ್ಲಿ ಮಟ್ಟ ಕೆಳಗಿಳಿದಿತ್ತು. ತಣ್ಣಗಾಗಲು ಬಿಟ್ಟು, ಜೊತೆಗಿದ್ದ ಕ್ಯಾನಿನಿಂದ ತುಂಬಿಸಿ, ನಿಧಾನವಾಗಿ ಮನೆ ಸೇರಿದೆವು. ಮಾರನೇ ದಿನ ಒಂದು ಗ್ಯಾರೇಜಿಗೆ ತೋರಿಸಿದೆ. 'ಮೇಲಿಂದ ತುಂಬಿಸ್ಕೊಂಡು ಓಡಿಸ್ತಾ ಇರಿ' ಅಂದರು. ಆ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಬೋಂಗೊ ಇಟ್ಟುಕೊಂಡ ಯಾರಿಗೂ ಹಿಡಿಸುವುದಿಲ್ಲ.

ಕಾರಣ ಇದೆ. ನನ್ನದು 2.5 ಲೀಟರಿನ ಟರ್ಬೊ ಡೀಸೆಲ್. ಎಂಜಿನ್ ಬ್ಲಾಕ್ ಎರಕದ ಕಬ್ಬಿಣ, ಮೇಲೆ ಕೂರುವ ಸಿಲಿಂಡರ್ ಹೆಡ್ ಅಲ್ಯುಮಿನಿಯಂ. ನೀರು ಕಡಿಮೆಯಾಗಿ ಹೆಡ್ ಒಮ್ಮೆ ಅತಿಯಾಗಿ ಕಾದರೆ ಬಿರುಕು ಬಿಡುತ್ತದೆ. ಆಮೇಲೆ ಹೊಸ ಹೆಡ್ಡೇ ಗತಿ, ಅದರ ಖರ್ಚು ಎಷ್ಟೋ ಸಲ ಗಾಡಿಯ ಬೆಲೆಯನ್ನೇ ಮುಟ್ಟುತ್ತದೆ. ಇನ್ನು ಮುಳ್ಳಿನ ವಿಷಯ. ಅದು ಮಾಮೂಲಿ ಬಿಸಿಯ ಇಡೀ ವ್ಯಾಪ್ತಿಯಲ್ಲಿ ಒಂದೇ ಕಡೆ ನಿಂತಿರುತ್ತದೆ. ಅಲುಗುವ ಹೊತ್ತಿಗೆ ತಡವಾಗಿರುತ್ತದೆ. ನೀರೇ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ಕೂತು ಏನೂ ಆಗಿಲ್ಲ ಅಂತ ತೋರಿಸಬಹುದು. ಅದಕ್ಕೇ ಇಲ್ಲಿನ ಬೋಂಗೊ ಮಾಲೀಕರು ಟ್ಯಾಂಕಿಗೇ ಒಂದು ಸೆನ್ಸರ್ ಕೂರಿಸಿ, ನೀರಿನ ಮಟ್ಟ ಇಳಿದ ತಕ್ಷಣ ಕೂಗುವ ಅಲಾರಂ ಹಾಕಿಸುತ್ತಾರೆ. ಗಾಡಿ ಕೊಂಡ ಮೇಲೆ ನಾನು ಮಾಡಿಸಿದ ಮೊದಲ ಕೆಲಸ ಅದೇ. ಅಡುಗೆಮನೆ, ಪರದೆ, ಫ್ರಿಜ್ ಎಲ್ಲ ಆಮೇಲೆ.

ನೀರು ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು ಸುಲಭವಲ್ಲ. ರೇಡಿಯೇಟರ್ ಮುಂದೆ, ಎಂಜಿನ್ ನಡುವೆ, ಹಿಂದಿನ ಸೀಟಿನವರಿಗೆ ಬೇರೆ ಹೀಟರ್. ಅಲ್ಲಿಯವರೆಗೂ ಗಾಡಿಯ ಹೊಟ್ಟೆಯಡಿಯಲ್ಲಿ ಪೈಪುಗಳು ಓಡುತ್ತವೆ. ಕಬ್ಬಿಣದ ಪೈಪಿಗೆ ತುಕ್ಕು, ರಬ್ಬರಿನ ಪೈಪಿಗೆ ವಯಸ್ಸು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ವಾ, ಅದು ಅಡಿಭಾಗವನ್ನು ತಿಂದುಹಾಕುತ್ತದೆ. ನನ್ನ ಗಾಡಿಯ ಹಿಂದಿನ ಚಕ್ರದ ಕಮಾನಿನಲ್ಲಿ ಆಗಲೇ ವೆಲ್ಡಿಂಗ್ ಆಗಿದೆ.

ಶನಿವಾರ ಬೆಳಿಗ್ಗೆ ಶುರು ಮಾಡಿದೆವು. ಪಕ್ಕದ ಮನೆಯವರೂ ಬಂದರು. ಅವರು ಇಲ್ಲಿನ ಹೋಂಡಾ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವರು. 2021ರ ಜುಲೈನಲ್ಲಿ ಆ ಕಾರ್ಖಾನೆ ಮುಚ್ಚಿತು. ಈ ಊರಿನ ಎಷ್ಟೋ ಮನೆಗಳಲ್ಲಿ ಜಪಾನೀ ಗಾಡಿಯ ಕೆಲಸ ಗೊತ್ತಿರುವ ಕೈಗಳಿವೆ. ಅದು ಈ ಊರಿನ ದೊಡ್ಡ ಆಸ್ತಿ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಪಕ್ಕದ ಮನೆಯವರಿಗೆ ಕನ್ನಡದ ಗಂಧವಿಲ್ಲ. ಇಬ್ಬರೂ ಟಾರ್ಚ್ ಹಿಡಿದು ಸೀಟಿನ ಕೆಳಗೆ ತಲೆ ಹಾಕಿದರು. ಐದು ನಿಮಿಷದಲ್ಲಿ ಒಬ್ಬರಿಗೊಬ್ಬರು ಸ್ಪ್ಯಾನರ್ ಕೊಡುತ್ತಿದ್ದರು.

ಸೋರಿಕೆಯನ್ನು ಕಂಡುಹಿಡಿದದ್ದು ಅಪ್ಪ. ಕಣ್ಣಿಂದಲ್ಲ, ಕೈಯಿಂದ. ಒಂದೊಂದೇ ರಬ್ಬರ್ ಪೈಪನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿಸುಕುತ್ತಾ ಬಂದರು. ಒಳ್ಳೆಯ ಪೈಪು ಒತ್ತಿದರೆ ಬಗ್ಗಿ ಮತ್ತೆ ಏಳುತ್ತದೆ. ಎಂಜಿನ್ನಿನ ಹಿಂಬದಿಯ ಒಂದು ಪೈಪು ಹಿಸುಕಿದಾಗ ಗರಗರ ಅಂತ ಸದ್ದಾಯಿತು, ಒಳಗೆ ಪುಡಿಯಾದ ಹಾಗೆ. ಕ್ಲಿಪ್ಪಿನ ಪಕ್ಕದಲ್ಲಿ ಕೂದಲಿನಷ್ಟು ಸೀಳು, ಅದರ ಸುತ್ತ ಒಣಗಿದ ಕೂಲೆಂಟಿನ ಬಿಳಿ ಕಲೆ. ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ನೆಲಕ್ಕೆ ಹನಿ ಬೀಳುವ ಮೊದಲೇ ಆವಿಯಾಗುತ್ತಿತ್ತು. ಮನೆ ಮುಂದೆ ಒಂದು ಹನಿಯೂ ಕಾಣದ್ದು ಇದೇ ಕಾರಣಕ್ಕೆ.

ಇಷ್ಟು ವರ್ಷದ ರಬ್ಬರು. ಇದರಲ್ಲಿ ಯಾರ ತಪ್ಪೂ ಇಲ್ಲ. ಒಂದನ್ನು ಬದಲಿಸಿ ಉಳಿದದ್ದನ್ನು ಬಿಡುವ ಹಾಗಿಲ್ಲ, ಅವೂ ಅದೇ ವಯಸ್ಸಿನವು. ಮೊದಲೇ ತರಿಸಿಟ್ಟ ಹೊಸ ಪೈಪುಗಳ ಇಡೀ ಸೆಟ್ಟನ್ನೇ ಹಾಕಿದೆವು. ಈ ಎಂಜಿನ್ ಫೋರ್ಡ್ ರೇಂಜರ್ ಪಿಕಪ್ಪಿನಲ್ಲೂ ಇತ್ತು, ಹಾಗಾಗಿ ಎಂಜಿನ್ನಿನ ಬಿಡಿಭಾಗಕ್ಕೆ ಇಲ್ಲಿ ಅಷ್ಟೇನೂ ಬರವಿಲ್ಲ. ಹಳೆ ಕೂಲೆಂಟನ್ನು ಹನಿ ಚೆಲ್ಲದ ಹಾಗೆ ಬೇಸಿನ್ನಿಗೆ ಇಳಿಸಿಕೊಂಡೆವು. ಅದು ಸಿಹಿಯಾಗಿರುತ್ತದೆ, ವಿಷ ಕೂಡ. ಬೀದಿಯ ಬೆಕ್ಕುಗಳು ನೆಕ್ಕಿದರೆ ಸಾಯುತ್ತವೆ. ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೆಕ್ಕು ಕಾಯುವ ಕೆಲಸ ವಹಿಸಿಕೊಂಡರು.

ನಿಜವಾದ ಕೆಲಸ ಇರುವುದು ಇದಾದ ಮೇಲೆ. ಇದಕ್ಕೆ ಸುಮ್ನೆ ನೀರು ಸುರಿದು ಮುಚ್ಚಳ ಹಾಕಿದರೆ ಆಗುವುದಿಲ್ಲ. ಪೈಪು ಅಷ್ಟುದ್ದ, ಏರು ತಗ್ಗು ಜಾಸ್ತಿ. ಎಲ್ಲೋ ಒಂದು ಕಡೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಇರುವ ಕಡೆ ನೀರು ಹರಿಯುವುದಿಲ್ಲ, ಅಲ್ಲಿ ಹೆಡ್ ಸುಡುತ್ತದೆ. ಆ ಗಾಳಿ ತೆಗೆಯಲೆಂದೇ ಮಜ್ದಾದವರು ಎಂಜಿನ್ ಪಕ್ಕದಲ್ಲಿ ಒಂದು ಸಣ್ಣ ರಬ್ಬರ್ ಪೈಪು ಇಟ್ಟಿದ್ದಾರೆ. ಅದರ ತುದಿಗೆ ಬಿರಡೆ ಹಾಕಿರುತ್ತದೆ. ಆ ಬಿರಡೆ ತೆಗೆದು, ಪೈಪನ್ನು ಟ್ಯಾಂಕಿಗಿಂತ ಎತ್ತರಕ್ಕೆ ಎತ್ತಿ ಕಟ್ಟಿ, ತುದಿಗೆ ಫನಲ್ ಸಿಕ್ಕಿಸಿದೆವು. ಅರ್ಧ ನೀರು, ಅರ್ಧ ಆಂಟಿಫ್ರೀಜ್. ಮುಂದಿನ ಹೀಟರ್, ಹಿಂದಿನ ಹೀಟರ್ ಎರಡನ್ನೂ ಪೂರ್ತಿ ಬಿಸಿಗಿಟ್ಟು ಎಂಜಿನ್ ಶುರು ಮಾಡಿದೆ.

ಗುಳಗುಳ ಅಂತ ಗುಳ್ಳೆ ಬರತೊಡಗಿತು. ಮೊದಲು ದೊಡ್ಡ ಗುಳ್ಳೆ, ಮಟ್ಟ ಒಮ್ಮೆಲೇ ಕುಸಿಯಿತು, ತುಂಬಿಸಿದೆವು. ಮತ್ತೆ ಗುಳ್ಳೆ, ಮತ್ತೆ ತುಂಬಿಸಿದೆವು. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಪಕ್ಕದ ಮನೆಯವರು ಆಯಿತು ಅಂದರು. ಅಪ್ಪ ಬೇಡ ಅಂತ ಕೈ ಆಡಿಸಿದರು. ಮುಂದೆ ಹೋಗಿ ರೇಡಿಯೇಟರಿನ ಕೆಳಗಿನ ಪೈಪು ಮುಟ್ಟಿ ನೋಡಿದರು. ಇನ್ನೂ ತಣ್ಣಗಿತ್ತು. ಅಂದರೆ ಬಿಸಿಯಾದ ಮೇಲೆ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಇನ್ನೂ ತೆರೆದಿಲ್ಲ, ನೀರು ಪೂರ್ತಿ ಸುತ್ತು ಹಾಕಿಲ್ಲ. ಕಾದೆವು. ಕೆಳಗಿನ ಪೈಪು ಬಿಸಿಯಾದ ಕೂಡಲೇ ಫನಲ್ಲಿನಲ್ಲಿ ಇನ್ನೊಂದು ದೊಡ್ಡ ಗುಳ್ಳೆ ಮೇಲೆದ್ದಿತು. ಅಪ್ಪ ಬೇಡ ಅನ್ನದಿದ್ದರೆ ಆ ಗಾಳಿ ಒಳಗೇ ಉಳಿಯುತ್ತಿತ್ತು. ಓಮ್ನಿಯಲ್ಲಿ ಕಲಿತ ಪಾಠ ಬೋಂಗೊದ ಎಂಜಿನ್ ಉಳಿಸಿತು ಅಂತ ನಾನು ಖಂಡಿತ ಹೇಳುತ್ತೇನೆ.

ಹಿಂದಿನ ಹೀಟರಿನಿಂದ ಬಿಸಿ ಗಾಳಿ ಬರುತ್ತಿದೆ ಅಂತ ಅಮ್ಮ ಒಳಗಿನಿಂದ ಕೂಗಿ ಹೇಳಿದ ಮೇಲೆ ಬಿರಡೆ ಬಿಗಿದೆವು.

ಸಂಜೆ ಪರೀಕ್ಷೆಗೆ ಹೊರಟೆವು. ದಾರಿಯಲ್ಲಿ ಸ್ವಿಂಡನ್ನಿನ ಮ್ಯಾಜಿಕ್ ರೌಂಡಬೌಟ್. ಒಂದು ದೊಡ್ಡ ವೃತ್ತದ ಸುತ್ತ ಐದು ಸಣ್ಣ ವೃತ್ತಗಳು, 1972ರಿಂದ ಇದೆ. ಅಪ್ಪ ಅದನ್ನು ದಾಟುವಾಗ ಬಾಗಿಲ ಹಿಡಿ ಬಿಡಲಿಲ್ಲ. ಅಲ್ಲಿಂದ ರೌಟನ್ ದಾಟಿ ಬಾರ್ಬರಿ ಕೋಟೆಯ ಗುಡ್ಡಕ್ಕೆ. ಕಬ್ಬಿಣ ಯುಗದ ಮಣ್ಣಿನ ಕೋಟೆ ಅದು. ನಮಗೆ ಬೇಕಿದ್ದದ್ದು ಅಲ್ಲಿನ ಏರು. ಎಂಜಿನ್ನಿಗೆ ಭಾರ ಬಿದ್ದಾಗ ನೀರು ಹೇಗೆ ಹಿಡಿಯುತ್ತದೆ ಅಂತ ನೋಡಬೇಕಿತ್ತು. ಮೇಲೆ ಹೋಗಿ ನಿಲ್ಲಿಸಿ ಕೀ ತಿರುಗಿಸಲು ಕೈ ಹಾಕಿದಾಗ ಅಪ್ಪ, 'ತಕ್ಷಣ ಆರಿಸ್ಬೇಡ, ಸ್ವಲ್ಪ ಓಡ್ಲಿ' ಅಂದರು. ಟರ್ಬೊ ಡೀಸೆಲ್ಲಿಗೆ ಅದೇ ನಿಯಮ. ಟರ್ಬೊ ತಣಿಯಲು ಒಂದೆರಡು ನಿಮಿಷ ಕೊಡಬೇಕು. ಅಲಾರಂ ಕೂಗಲಿಲ್ಲ. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಟ್ಯಾಂಕಿನ ಮಟ್ಟ ಗುರುತಿನ ಮೇಲೇ ಇತ್ತು.

ಊರಿಗೆ ಇಂಥದ್ದೊಂದು ತರಿಸಬಹುದಾ ಅಂತ ಅಪ್ಪ ಆ ರಾತ್ರಿ ಕೇಳಿದರು. ಆಗುವುದಿಲ್ಲ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಭಾರತಕ್ಕೆ ತರಿಸಲು ಬಿಡುವುದಿಲ್ಲ, ಅದರ ಮೇಲೆ ಸುಂಕ ಬೇರೆ. ಇಲ್ಲೂ ಎಲ್ಲ ಸಲೀಸಲ್ಲ. ಜಪಾನಿನ ರೇಡಿಯೊ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಹಿಡಿಯುತ್ತಿತ್ತು, ಇಲ್ಲಿನ ಎಷ್ಟೋ ಸ್ಟೇಷನ್ ಅದಕ್ಕೆ ಎಟುಕುತ್ತಿರಲಿಲ್ಲ. ಸ್ಪೀಡೋಮೀಟರನ್ನು ಕಿಲೋಮೀಟರಿನಿಂದ ಮೈಲಿಗೆ ಬದಲಿಸಿ, ಹಿಂದೆ ಮಂಜಿನ ದೀಪ ಹಾಕಿಸಿದ ಮೇಲೇ ಇದು ಬ್ರಿಟನ್ನಿನ ರಸ್ತೆಗಿಳಿದದ್ದು. ಹಳೆ ಡೀಸೆಲ್ ಅಂತ ಬ್ರಿಸ್ಟಲ್ ಊರೊಳಗೆ ಹೋದರೆ ಹೊಗೆಯ ಶುಲ್ಕ ದಿನಕ್ಕೆ 9 ಪೌಂಡ್, ಲಂಡನ್ನಿಗೆ ಹೋದರೆ 12.50. ಹೊಗೆ ಕಡಿಮೆಯಾಗಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಗುಡ್ಡ, ಸಮುದ್ರದ ಕಡೆ ಹೋಗಲು ಇಟ್ಟುಕೊಂಡ ಗಾಡಿ ಇದು, ಊರೊಳಗೆ ಇದಕ್ಕೇನು ಕೆಲಸ?

ಈಗ ಉಳಿದಿರುವುದು ಅಡುಗೆಮನೆ. ನಾನು ಬಲಗಡೆ ಗೋಡೆಗೆ ಉದ್ದಕ್ಕೆ ಹಗುರ ಪ್ಲೈವುಡ್ ಕಪಾಟು ಮಾಡಿ, ಎರಡು ಒಲೆಯ ಗ್ಯಾಸ್, ಸಣ್ಣ ಸಿಂಕ್, ಫ್ರಿಜ್ ಕೂರಿಸುವ ನಕ್ಷೆ ಬರೆದಿದ್ದೆ. ಸಿಲಿಂಡರಿಗೆ ಬೇರೆ ಗೂಡು, ಅದರ ತಳದಲ್ಲಿ ಹೊರಗೆ ತೆರೆದ ತೂತು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗಿನಿಂದ ಹೋಗಬೇಕು. ಅಮ್ಮ ನಕ್ಷೆ ನೋಡಿ ಒಪ್ಪಲಿಲ್ಲ. ಒಗ್ಗರಣೆ ಹಾಕಿದರೆ ಹಾಸಿಗೆಗೆಲ್ಲ ವಾಸನೆ ಅಂಟುತ್ತದೆ, ಕೂತು ಅಡುಗೆ ಮಾಡಲು ತನಗೆ ಆಗುವುದಿಲ್ಲ, ಒಲೆ ಹಿಂದಿನ ಬಾಗಿಲ ಹತ್ತಿರ ಬರಲಿ ಅಂದರು. ಆ ಬಾಗಿಲು ಮೇಲಕ್ಕೆ ತೆರೆಯುತ್ತದೆ, ಮಳೆ ಬಂದರೂ ಅದರಡಿ ನಿಂತು ಅಡುಗೆ ಮಾಡಬಹುದು. ಅವರು ಹೇಳಿದ್ದೇ ಸರಿ. ಮೂರನೇ ಸಾಲಿನ ಸೀಟು ತೆಗೆದು ಅಲ್ಲೇ ಕಪಾಟು ಮಾಡಿದರೆ ನಡುವಿನ ಸಾಲೂ ಉಳಿಯುತ್ತದೆ, ಅವರಿಬ್ಬರಿಗೆ ಕೂರಲು ಒಳ್ಳೆಯ ಜಾಗ ಸಿಗುತ್ತದೆ. ಹೊಸ ಅಳತೆ ತೆಗೆದಾಗಿದೆ, ಪ್ಲೈವುಡ್ ಗುರುವಾರ ಬರುತ್ತದೆ. ಪಕ್ಕದ ಮನೆಯವರು ಗರಗಸ ತರುತ್ತೇನೆ ಅಂದಿದ್ದಾರೆ.