ಹಿಂದಿ ಬರದೆ ರಾಮಾಯಣ ಹೇಗೆ ನೋಡಿದಿರಿ?

ದೂರದರ್ಶನದ ಕಾಲದ ಮಾತು ತೆಗೆದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಆಫೀಸಿನಲ್ಲೂ ಕೇಳುತ್ತಾರೆ. ಕಳೆದ ವಾರ ಅಣ್ಣನ ಮಗಳೂ ಕೇಳಿದಳು. "ಅತ್ತೆ, ನಿಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಮನೇಲಿ ಯಾರಿಗೂ ಹಿಂದಿ ಬರ್ತಿರ್ಲಿಲ್ಲ. ರಾಮಾಯಣ, ಮಹಾಭಾರತ ಎಲ್ಲ ಹಿಂದೀಲೇ ಇತ್ತಲ್ವಾ? ಏನು ಅರ್ಥ ಆಗ್ತಿತ್ತು ನಿಮಗೆ?"

ಎಲ್ಲಾ ಅರ್ಥ ಆಗುತ್ತಿತ್ತು. ನಮ್ಮ ಮನೆಯಲ್ಲಿ ಅಜ್ಜಿ ಇದ್ದಳು.

ರಾಮಾಯಣ ಶುರುವಾಗಿದ್ದು 1987ರ ಜನವರಿ 25ರ ಭಾನುವಾರ. ಆಗ ನನಗೆ ಎಂಟು ವರ್ಷ. ಬೆಳಿಗ್ಗೆ ಒಂಬತ್ತೂವರೆ ಅಂದರೆ ಜಗಲಿ ತುಂಬಿ, ಅಂಗಳದಲ್ಲೂ ಜನ. ಕಪ್ಪುಬಿಳುಪು ಟೀವಿ. ಕರೆಂಟು ಕೈಕೊಟ್ಟರೆ ಇರಲಿ ಅಂತ ಪಕ್ಕದಲ್ಲಿ ಜೀಪಿನ ಬ್ಯಾಟರಿ. ಸುತ್ತಲೂ ಗುಡ್ಡ ಇದ್ದಿದ್ದರಿಂದ ಉದ್ದದ ಬಿದಿರಿಗೆ ಆಂಟೆನಾ ಕಟ್ಟಿ ನಿಲ್ಲಿಸಿದ್ದರು. ಆದರೂ ಎಷ್ಟೋ ಸಲ ರಾಮನ ಮುಖದ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಚುಕ್ಕಿ. ಅಜ್ಜಿ ಕಂಬಕ್ಕೆ ಒರಗಿ, ತೊಡೆಯ ಮೇಲೆ ಹತ್ತಿ ಇಟ್ಟುಕೊಂಡು ಹೂಬತ್ತಿ ಮಾಡುತ್ತಾ ಕೂರುತ್ತಿದ್ದಳು. ಪರದೆಯ ಮೇಲೆ ಯಾರಾದರೂ ಉದ್ದಕ್ಕೆ ಮಾತಾಡಿದರೆ ಬೆರಳು ನಿಲ್ಲುತ್ತಿತ್ತು. ಅವರ ಮಾತು ಮುಗಿದ ಮೇಲೆ ಕನ್ನಡದಲ್ಲಿ ಒಂದೇ ಸಾಲು ಹೇಳುತ್ತಿದ್ದಳು. ಮತ್ತೆ ಬೆರಳು ಓಡುತ್ತಿತ್ತು.

ಅವಳಿಗೆ ಹಿಂದಿಯ ಒಂದಕ್ಷರವೂ ಗೊತ್ತಿರಲಿಲ್ಲ. ಕಥೆ ಗೊತ್ತಿತ್ತು, ಅಷ್ಟೇ. ಮಳೆಗಾಲದಲ್ಲಿ ಮನೆಮನೆಯಲ್ಲಿ ನಡೆಯುತ್ತಿದ್ದ ತಾಳಮದ್ದಳೆ, ಸುಗ್ಗಿ ಮುಗಿದ ಮೇಲೆ ಗದ್ದೆಯಲ್ಲಿ ಯಕ್ಷಗಾನ, ಕುಮಾರವ್ಯಾಸ ಓದಿಸುವ ಗಮಕ, ಇದನ್ನೆಲ್ಲ ಕೇಳಿಕೊಂಡೇ ಬೆಳೆದವಳು. ರಾವಣ ಬಂದ ದಿನ ಅವಳಿಗೆ ಸಮಾಧಾನವೇ ಆಗಲಿಲ್ಲ. "ಬಣ್ಣದ ವೇಷದ ಅಬ್ಬರ ಎಲ್ಲಿದೆ ಇದ್ರಲ್ಲಿ?" ಅಂದಳು. 1988ರ ಅಕ್ಟೋಬರ್ 2ಕ್ಕೆ ಮಹಾಭಾರತ ಶುರುವಾಯಿತು. ಹರೀಶ್ ಭಿಮಾನಿಯವರ ಆ ತುಂಬಿದ ದನಿಯಲ್ಲಿ "ಮೈ ಸಮಯ್ ಹೂಂ" ಅಂತ ಬರುತ್ತಿದ್ದ ಹಾಗೇ ಅಜ್ಜಿ ನಮ್ಮ ಕಡೆ ತಿರುಗಿ, "ಕಾಲ ಮಾತಾಡ್ತಾ ಉಂಟು, ಗಲಾಟೆ ಮಾಡಬೇಡಿ" ಅನ್ನುತ್ತಿದ್ದಳು. ನಾವು ಗಪ್‌ಚಿಪ್. 94 ಕಂತೂ ಹೀಗೇ ನಡೆಯಿತು.

ಅಜ್ಜಿಯೂ ಸೋತಿದ್ದು ಮಾಲ್ಗುಡಿ ಡೇಸ್ ಮುಂದೆ. ಇದು ಪುರಾಣವಲ್ಲ, ಹಾಗಾಗಿ ಮುಂದೇನು ಅಂತ ಅವಳಿಗೆ ಗೊತ್ತಿರಲಿಲ್ಲ. ಶಂಕರ್ ನಾಗ್ ಅದನ್ನು ತೆಗೆದದ್ದು ನಮ್ಮದೇ ಆಗುಂಬೆಯಲ್ಲಿ. ಮನೆ ನಮ್ಮ ಮನೆಯ ಹಾಗೇ ಇತ್ತು, ಅದೇ ಕಂಬ, ಅದೇ ತೊಟ್ಟಿ. ರೈಲ್ವೆ ಸ್ಟೇಷನ್ ಹೊಸನಗರ ತಾಲ್ಲೂಕಿನ ಅರಸಾಳಿನದು. ಕಥೆಯ ಹುಡುಗ ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಎಲ್ಲ ನಮ್ಮವರೇ, ಆದರೆ ಮಾತು ಮಾತ್ರ ಹಿಂದಿ. "ಇವ್ರಿಗೆ ಕನ್ನಡ ಬರುತ್ತಲ್ಲ, ಯಾಕೆ ಮಾತಾಡಲ್ಲ?" ಅಂತ ನಾನು ಕೇಳಿದ್ದು ನೆನಪಿದೆ. ಯಾರೂ ಉತ್ತರ ಹೇಳಲಿಲ್ಲ. ಆದರೆ ಪರೀಕ್ಷೆಯ ಭಯ, ಮೇಷ್ಟ್ರ ಬೆತ್ತ, ಕ್ರಿಕೆಟ್ ಟೀಮು ಕಟ್ಟುವ ಹುಚ್ಚು ಇವೆಲ್ಲ ನಮಗೆ ಗೊತ್ತಿದ್ದ ವಿಷಯ. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನ ಮುಖ ನೋಡಿದರೆ ಸಾಕಿತ್ತು. ಹಾಗಾಗಿ ಆ ಒಂದು ಸೀರಿಯಲ್ಲನ್ನು ನಾವು ಮಕ್ಕಳೇ ಅಜ್ಜಿಗೆ ಕನ್ನಡದಲ್ಲಿ ಹೇಳಿದೆವು. ಅವಳ ಬೆರಳು ಆಗಲೂ ನಿಲ್ಲುತ್ತಿತ್ತು.

ಕನ್ನಡದ್ದು ಬಂದಾಗ ಆಗುತ್ತಿದ್ದ ಖುಷಿಯೇ ಬೇರೆ. ಭಾನುವಾರ ಮಧ್ಯಾಹ್ನ ಒಂದೊಂದು ವಾರ ಒಂದೊಂದು ಭಾಷೆಯ ಸಿನಿಮಾ ಹಾಕುತ್ತಿದ್ದರು. ಕನ್ನಡದ ಸರದಿಗೆ ಕಾದೂ ಕಾದೂ ಸಾಕಾಗುತ್ತಿತ್ತು. ಆಮೇಲೆ ಗುಡ್ಡದ ಭೂತ ಅನ್ನುವ ಕನ್ನಡ ಸೀರಿಯಲ್ ಬಂತು. ಅದರ "ಡೆನ್ನಾನ ಡೆನ್ನಾನ" ಹಾಡು ತುಳು, ಅದೂ ನಮಗೆ ಬರುತ್ತಿರಲಿಲ್ಲ. ಆದರೂ ರಾತ್ರಿ ಅಂಗಳಕ್ಕೆ ಹೋಗುವಾಗ ಅದನ್ನೇ ಗುನುಗಿಕೊಂಡು ಹೆದರುತ್ತಿದ್ದೆವು.

ಆ ಸೀರಿಯಲ್ಲುಗಳನ್ನು ಕನ್ನಡಕ್ಕೆ ಡಬ್ ಮಾಡಬಹುದಿತ್ತಲ್ವಾ ಅಂತಲೂ ಕೇಳುತ್ತಾರೆ. ನಮ್ಮಲ್ಲಿ ಡಬ್ಬಿಂಗ್ ಬೇಡ ಅನ್ನುವ ಕಟ್ಟುಪಾಡು ದಶಕಗಳ ಕಾಲ ಇತ್ತು. ಕನ್ನಡದ ಕಲಾವಿದರ ಅನ್ನ ಉಳಿಯಲಿ ಅಂತ ಮಾಡಿದ್ದು, ಅದರ ಹಿಂದಿನ ಆತಂಕ ನನಗೆ ಅರ್ಥವಾಗುತ್ತದೆ. 2020ರಲ್ಲಿ ಇನ್ನೊಂದು ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದಾಗ ಮಾತ್ರ ನನಗೆ ನಿಜವಾಗಿ ಸಂತೋಷವಾಯಿತು. ನಮಗೆ ಅಜ್ಜಿ ಇದ್ದಳು. ಅಂಥ ಅಜ್ಜಿ ಇಲ್ಲದ ಮನೆಯ ಮಕ್ಕಳು ಆಗ ಏನು ಮಾಡಿದರೋ?

ಅದೇ ವರ್ಷದ ಲಾಕ್‌ಡೌನ್‌ನಲ್ಲಿ, ಮಾರ್ಚ್ 28ರಿಂದ, ದೂರದರ್ಶನ ಹಳೆಯ ರಾಮಾಯಣವನ್ನು ಮತ್ತೆ ಹಾಕಿತು. ಈಗ ನನಗೆ ಹಿಂದಿ ಬರುತ್ತದೆ. ಭರತ ಚಿತ್ರಕೂಟಕ್ಕೆ ಬರುವ ಭಾಗಕ್ಕಾಗಿಯೇ ಕಾದಿದ್ದೆ. ಯಾಕೆಂದರೆ ಅಲ್ಲಿ ಅಜ್ಜಿ ಹೇಳಿದ್ದ ಸಾಲು ನನಗೆ ಬಾಯಿಪಾಠ. "ಅಣ್ಣ, ನೀನಿಲ್ಲದ ಮನೆಗೆ ನಾನು ಯಾವ ಮುಖ ಇಟ್ಕೊಂಡು ಹೋಗಲಿ, ಒಲೆ ಎರಡಾದ್ರೆ ಅಮ್ಮ ಯಾವ ಒಲೆ ಮುಂದೆ ಕೂರಬೇಕು ಅಂತಿದಾನೆ." ಕಿವಿಗೊಟ್ಟು ಕೇಳಿದೆ. ಧರ್ಮದ ಬಗ್ಗೆ, ರಾಜ್ಯದ ಬಗ್ಗೆ ಉದ್ದುದ್ದ ಮಾತಿತ್ತು. ಒಲೆಯ ಮಾತು ಎಲ್ಲೂ ಇರಲಿಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ವರ್ಷ ಹಿಸ್ಸೆ ಮಾತು ನಡೀತಾ ಇತ್ತಲ್ಲ. ಅದು ನಂಗೂ ನಿನ್ನ ದೊಡ್ಡಪ್ಪಂಗೂ ಹೇಳಿದ್ದು" ಅಂದರು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ನೋಡುತ್ತಿದ್ದರು, ಅದು ನನಗೂ ನೆನಪಿದೆ.

ಹಿಸ್ಸೆ ಆಯಿತು. ತೋಟ ಎರಡಾಯಿತು, ಒಲೆಯೂ ಎರಡಾಯಿತು. ಟೀವಿ ಮಾತ್ರ ಅಜ್ಜಿಯ ಜಗಲಿಯಲ್ಲೇ ಉಳಿಯಿತು. ಭಾನುವಾರ ಒಂಬತ್ತು ಗಂಟೆಗೆಲ್ಲ ದೊಡ್ಡಪ್ಪ ತೋಟ ದಾಟಿ ಬಂದು ಅದೇ ಬೆಂಚಿನ ಮೇಲೆ ಕೂರುತ್ತಿದ್ದರು. ಅಮ್ಮ ಕೇಳದೆಯೇ ಎರಡು ಲೋಟ ಕಾಫಿ ತಂದಿಡುತ್ತಿದ್ದಳು.